ರೆಡಿ ಫೋಲ್ಡರಿಗೆ ಬಿದ್ದ ಚನ್ನಬಸಮ್ಮನ ಪಟ

ವೃಷಭೇಂದ್ರನ ಅಂಗಡಿಗೆ ಬೋರ್ಡಿಲ್ಲ. ಊರಿಗೆಲ್ಲ ಬೋರ್ಡು ಮಾಡಿಕೊಡುವವನ ಅಂಗಡಿಗೇ ಬೋರ್ಡಿಲ್ಲವಲ್ಲಯ್ಯ ಎಂದು ತಮಿಳುನಾಡಿನ ಗಡಿಯೊಳಗಿನ ತಾಳವಾಡಿಯ ಜನ ನಗುತ್ತಿದ್ದರು. ಅವನೂ ಜೊತೆಗೆ ನಗುತ್ತಿದ್ದ. "ನನ್ ಬೋರ್ಡು ನಿಮ್ ಜೇಬಲ್ಲೇ ಅದೆ ಕಣ, ಫೋನ್ ತಗ್ದು ನೋಡಿ" ಅನ್ನುತ್ತಿದ್ದ. ಆ ಮಾತನ್ನು ಈಗ ಯಾರಾದರೂ ನೆನಪಿಸಿದರೆ ಮುಖ ಎಲ್ಲಿ ಇಟ್ಟುಕೊಳ್ಳಲಿ ಅನ್ನುವಂತಾಗುತ್ತದೆ ಅವನಿಗೆ.

ಹದಿನಾರನೇ ವಯಸ್ಸಿಗೆ ಬ್ರಶ್ಶು ಹಿಡಿದವನು ಅವನು. ಗೋಡೆ, ತಗಡು, ಟ್ರ್ಯಾಕ್ಟರಿನ ಹಿಂಬದಿ, ಎಲ್ಲದರ ಮೇಲೂ ಕನ್ನಡವನ್ನೂ ತಮಿಳನ್ನೂ ಒಂದೇ ಅಳತೆಗೆ ಬರೆಯುತ್ತಿದ್ದ. ಸಾವಿನ ಬೋರ್ಡು ಬರೆಸಲು ಬಂದವರನ್ನು ಸ್ಟೂಲಿನ ಮೇಲೆ ಕೂರಿಸಿ, ನೀರು ಕೊಟ್ಟು, ಅವರು ಅತ್ತು ಮುಗಿಸುವ ತನಕ ಕಾದು, ಆಮೇಲೆ ಹೆಸರು ಕೇಳುತ್ತಿದ್ದ. ಅತ್ತವರ ಬಾಯಿಂದ ಹೆಸರು ಬರದೆ ಬ್ರಶ್ಶು ಬಣ್ಣಕ್ಕೆ ಇಳಿಯುತ್ತಿರಲಿಲ್ಲ. ಅದೊಂದು ಕಾಲ. ಫ್ಲೆಕ್ಸ್ ಬಂತು, ಬ್ರಶ್ಶು ಒಣಗಿತು, ಇವನೂ ಕಂಪ್ಯೂಟರು ಕಲಿತ.

ಈ ಬೆಟ್ಟದ ಮೇಲೆ ಮನೆಯಲ್ಲಿ ಯಾರಾದರೂ ತೀರಿಕೊಂಡರೆ ಅವರ ಪಟವಿರುವ ಬ್ಯಾನರು ಬೀದಿಯ ಬಾಯಲ್ಲಿ ಕಟ್ಟಲೇಬೇಕು. ಮೇಲೆ ತಮಿಳಿನಲ್ಲಿ 'ಕಣ್ಣೀರ್ ಅಂಜಲಿ', ಕೆಳಗೆ ಕನ್ನಡದಲ್ಲಿ 'ಶಿವೈಕ್ಯರಾದರು', ನಡುವೆ ಸತ್ತವರ ಮುಖ, ಅಡಿಯಲ್ಲಿ ಮಕ್ಕಳ ಹೆಸರು. ಮಣ್ಣು ಮಾಡುವುದರೊಳಗೆ ಬ್ಯಾನರು ಬರದಿದ್ದರೆ ಆ ಮನೆಯವರಿಗೆ ಸತ್ತವರ ಮೇಲೆ ಪ್ರೀತಿಯೇ ಇರಲಿಲ್ಲ ಅಂತ ಜನ ತೀರ್ಮಾನ ಮಾಡಿಬಿಡುತ್ತಾರೆ. ಬ್ಯಾನರು ಅಚ್ಚು ಹಾಕುವ ದೊಡ್ಡ ಮಿಷನ್ನು ಇರುವುದೋ ಘಟ್ಟದ ಕೆಳಗೆ, ಸತ್ಯಮಂಗಲದಲ್ಲಿ. ಸಂಜೆಯಾದರೆ ಕಾಡುದಾರಿ ಅಂತ ಘಟ್ಟದ ಗೇಟು ಬೀಳುತ್ತದೆ. ಮಧ್ಯಾಹ್ನದ ಬಸ್ಸಿಗೆ ಬ್ಯಾನರಿನ ಸುರುಳಿ ಹತ್ತದಿದ್ದರೆ ಮಾರನೇ ದಿನವೇ ಗತಿ. ಸಾವೇನು ಬಸ್ಸಿನ ಟೈಮು ನೋಡಿಕೊಂಡು ಬರುತ್ತದೆಯೇ?

ಅದಕ್ಕೇ ವೃಷಭೇಂದ್ರ ತಲೆ ಓಡಿಸಿದ್ದು. ಎಲ್ಲೋ ದೂರದ ಊರಿನ ಸರ್ವರೊಂದನ್ನು ತಿಂಗಳ ಬಾಡಿಗೆಗೆ ಹಿಡಿದ. ಅದರಲ್ಲಿ 'ರೆಡಿ' ಅಂತ ಒಂದು ಫೋಲ್ಡರು ಮಾಡಿದ. ತಮಿಳು ವಿಡಿಯೋಗಳನ್ನು ನಿಲ್ಲಿಸಿ ನಿಲ್ಲಿಸಿ ನೋಡಿ, ಮೂರು ತಿಂಗಳು ಒದ್ದಾಡಿ, ಆ ಫೋಲ್ಡರಿಗೆ ಕಾವಲು ಕಾಯುವ ಒಂದು ಪ್ರೋಗ್ರಾಮು ಬರೆದು ಕೂರಿಸಿದ. ಫೋಲ್ಡರಿಗೆ ಹೊಸ ಫೈಲು ಬಿತ್ತೋ, ಇದ್ದ ಫೈಲು ಬದಲಾಯಿತೋ, ಕಾವಲು ತಟಕ್ಕನೆ ಏಳುತ್ತದೆ. ಯಾರನ್ನೂ ಕೇಳುವುದಿಲ್ಲ. ಸಾವಿನ ಪಟವಾದರೆ ಅವತ್ತಿನ ತಾರೀಖನ್ನು ತಾನೇ ತುಂಬುತ್ತದೆ, 'ಇಂದು ಸಂಜೆ ನಾಲ್ಕಕ್ಕೆ ಅಂತ್ಯಕ್ರಿಯೆ' ಅಂತ ಸೇರಿಸುತ್ತದೆ, ಕೆಳಗಿನ ಮಿಷನ್ನಿಗೆ ಕಳಿಸುತ್ತದೆ, ಹದಿನಾಲ್ಕು ಊರಿನ ವಾಟ್ಸಾಪ್ ಗುಂಪುಗಳಿಗೆ ನಿಮಿಷಕ್ಕೊಂದರಂತೆ ಹಂಚುತ್ತದೆ. ಇವನು ಮಾಡಬೇಕಾದದ್ದು ಪಟವನ್ನು ಅಲ್ಲಿ ಉಳಿಸುವುದೊಂದೇ. ಅಬ್ಬಾ, ಎಷ್ಟು ಹಿಗ್ಗಿದ್ದ ಅಂತೀರಿ! ಅದು ಮೊದಲ ಸಲ ತಾನಾಗಿ ಓಡಿದ ದಿನ ಹೆಂಡತಿ ರಂಜಿತಳನ್ನು ಅಡಿಗೆಮನೆಯಿಂದ ಎಳೆದುಕೊಂಡು ಬಂದು ತೋರಿಸಿದ್ದ.

ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಎದುರು ಸಾಲಿನಲ್ಲಿ ಹೊಸ ಅಂಗಡಿಯೊಂದು ತೆರೆಯಿತು ನೋಡಿ, ಇವನ ಬುದ್ಧಿ ಕೆಟ್ಟಿತು. ಮದುವೆ ಮನೆಗಳಿಗೆ ಹೋದಾಗ ಯಾವ ಮುದುಕರು ಕೆಮ್ಮುತ್ತಾರೆ, ಯಾರ ಕೈಗೆ ಕೋಲು ಬಂದಿದೆ, ಯಾರು ಊಟದೆಲೆ ಮುಂದೆ ಸುಮ್ಮನೆ ಕೂರುತ್ತಾರೆ ಅಂತ ಗಮನಿಸತೊಡಗಿದ. ಅವರ ಪಕ್ಕ ಹೋಗಿ, "ದೊಡ್ಡಪ್ಪ, ವಸಿ ನಗಿ" ಅಂತ ಪಟ ಹಿಡಿಯುತ್ತಿದ್ದ. ಪಾಪ, ನಗುತ್ತಿದ್ದರು. ಅಂಗಡಿಯ ಕಂಪ್ಯೂಟರಿನಲ್ಲಿ 'ಮುಂದಿನವು' ಅಂತ ಒಂದು ಫೋಲ್ಡರು. ಅದರಲ್ಲಿ ಬದುಕಿರುವ ಹನ್ನೊಂದು ಜನ. ಹೆಸರು, ವಯಸ್ಸು, ಮಗನ ಹೆಸರು, ಮುಖದ ಸುತ್ತ ಹೂವಿನ ಚೌಕಟ್ಟು, ಎಲ್ಲ ತಯಾರು. ತಾರೀಖಿನ ಜಾಗ ಮಾತ್ರ ಖಾಲಿ. ಅದರ ವಿಷಯ ರಂಜಿತಳಿಗೂ ಹೇಳಿರಲಿಲ್ಲ. ಹೇಳಬಾರದ್ದು ಅಂತ ಒಳಗೆಲ್ಲೋ ಗೊತ್ತಿತ್ತು ಅಂತಾಯಿತಲ್ಲ!

ಆ ಹನ್ನೊಂದರಲ್ಲಿ ಒಬ್ಬಾಕೆ ದೊಡ್ಡಗಾಜನೂರಿನ ಚನ್ನಬಸಮ್ಮ. ಸೋಮವಾರ ಸಂಜೆ ಆಕೆಯನ್ನು ಚಾಮರಾಜನಗರದ ಆಸ್ಪತ್ರೆಯಿಂದ ಮನೆಗೆ ಕರೆತಂದರು. ಇನ್ನು ಮನೆಯಲ್ಲೇ ನೋಡಿಕೊಳ್ಳಿ ಅಂದಿದ್ದರಂತೆ. ಮಂಗಳವಾರ ಬೆಳಿಗ್ಗೆ ಬಾಗಿಲು ತೆರೆದು ವಿಭೂತಿ ಧರಿಸಿ ಕೂತ ವೃಷಭೇಂದ್ರ ಮೊದಲು ಮಾಡಿದ ಕೆಲಸವೆಂದರೆ ಆಕೆಯ ಪಟ ತೆರೆದದ್ದು. ವಯಸ್ಸು ಎಪ್ಪತ್ತೊಂಬತ್ತು ಅಂತಿತ್ತು. ಎಂಬತ್ತೊಂದು ಅಂತ ತಿದ್ದಿದ. ಉಳಿಸಲು ಹೋದ. ಹಿಂದಿನ ರಾತ್ರಿ ಒಂದು ಮದುವೆಯ ಬ್ಯಾನರನ್ನು 'ರೆಡಿ'ಗೆ ಹಾಕಿದ್ದನಲ್ಲ, ಕಂಪ್ಯೂಟರು ಅದೇ ಜಾಗವನ್ನು ನೆನಪಿಟ್ಟುಕೊಂಡು ಮುಂದೆ ಚಾಚಿತು. ಇವನು ನೋಡಲಿಲ್ಲ. ಎಂಟರ್ ಒತ್ತಿದ. ಫೋನನ್ನು ಚಾರ್ಜಿಗೆ ಹಾಕಿ, ಬಾಗಿಲನ್ನು ಅರ್ಧ ಎಳೆದು, ಟೀ ಕುಡಿಯಲು ಹೋದ.

ಟೀ ಕುಡಿದು, ಇನ್ನೊಂದು ಟೀ ಕುಡಿದು ಬಂದ. ಪಕ್ಕದ ಹೂವಿನಂಗಡಿಯ ಜಡೇಸ್ವಾಮಿ ಬುಟ್ಟಿಯನ್ನೇ ಬಿಟ್ಟು ಎದ್ದು ಬಂದ.

"ಏನ್ಲಾ ನೀನು, ಚನ್ನಬಸವ್ವ ಓಗ್ಬುಟ್ಟವ್ಳೆ ಅಂತ ನಂಗೆ ಒಂದ್ಮಾತು ಮುಂಚೇಲೆ ಯೋಳಬಾರ್ದಾ? ಆಗ್ಲೇ ಇಪ್ಪತ್ತು ಊವಿನ ಆರ ಕೇಳವ್ರೆ. ಊವ ಎಲ್ಲಿಂದ ತರ್ಲಿ?"

"ಯಾರ್ಲಾ ಯೋಳುದ್ರು?"

"ನೀನೇ ಯೋಳಿದ್ದೀಯಲ್ಲಲಾ!" ಎಂದು ಜಡೇಸ್ವಾಮಿ ಫೋನು ತೋರಿಸಿದ. ಹೂವಿನ ಚೌಕಟ್ಟಿನಲ್ಲಿ ಚನ್ನಬಸಮ್ಮ ನಗುತ್ತಿದ್ದರು. ಅಂದಿನ ತಾರೀಖು, ಸಂಜೆ ನಾಲ್ಕರ ಅಂತ್ಯಕ್ರಿಯೆ. ಅಡಿಯಲ್ಲಿ, 'ಇಂತಿ ದುಃಖತಪ್ತ ಮಗ ಗುರುಮಲ್ಲಪ್ಪ'. "ಪಾಪ, ಗುರುಮಲ್ಲಪ್ಪ ಈಗ್ತಾನೇ ನಿನ್ನ ಮೆಟ್ಲ ಮೇಲೆ ನಿಂತಿದ್ದ. ಕೂಗುದ್ರೂ ಕೇಳುಸ್ಕಳ್ನಿಲ್ಲ, ಓಡೋದ."

ಪಟ ನೋಡಿ ಗುರುಮಲ್ಲಪ್ಪ ಹೊಡೆಯಲು ಬಂದಿದ್ದ ಅಂದುಕೊಂಡ ವೃಷಭೇಂದ್ರ. ಒಳಗೆ ನುಗ್ಗಿ ನೋಡಿದರೆ ಕಾವಲು ಹದಿನಾಲ್ಕು ಗುಂಪಿಗೂ ಹಂಚಿ ಮುಗಿಸಿತ್ತು. ಕೆಳಗಿನ ಮಿಷನ್ನಿನವನು, 'ಅಣ್ಣಾ, ಸುರುಳಿ ಬಸ್ಸಿಗೆ ಕೊಡ್ತೀನಿ' ಅಂತ ಬರೆದಿದ್ದ. ಆ ಕಾವಲನ್ನಾದರೂ ಬೈಯೋಣವೆಂದರೆ ಅದು ಹೇಳಿದ ಕೆಲಸವನ್ನು ಹೇಳಿದ ಹಾಗೇ ಮಾಡಿತ್ತು.

ದೊಡ್ಡಗಾಜನೂರಿನಲ್ಲಿ ಅಷ್ಟು ಹೊತ್ತಿಗೆ ಏನೇನಾಯಿತು ಅನ್ನುವುದನ್ನು ಅವನು ಆಮೇಲೆ ತುಣುಕು ತುಣುಕಾಗಿ ಕೇಳಿದ. ಜೀರಹಳ್ಳಿಗೆ ಕೊಟ್ಟಿದ್ದ ಮಗಳು ಶಾಂಭವಿ ಬೈಕಿನ ಹಿಂದೆ ಕೂತು ದಾರಿಯುದ್ದಕ್ಕೂ ಅಳುತ್ತ ಬಂದಳಂತೆ. ಬೀಟ್‌ರೂಟ್ ಹೊಲದ ಮೂಲೆಯಲ್ಲಿ, ಚನ್ನಬಸಮ್ಮನ ಗಂಡನ ಗದ್ದುಗೆಯ ಪಕ್ಕ, ನಾಲ್ಕು ಜನ ಸೊಂಟದಾಳದ ಗುಂಡಿ ತೋಡಿಬಿಟ್ಟಿದ್ದರಂತೆ. ಮಣ್ಣಿನ ಶಾಸ್ತ್ರ ಮಾಡಿಸುವ ಅಯ್ನೋರು ಸ್ನಾನ ಮಾಡಿ ಜೋಳಿಗೆ ಹಾಕಿಕೊಂಡು ಬಂದರಂತೆ. ಹಾರ ಹಿಡಿದವರು ಗೊಳೋ ಅನ್ನುತ್ತ ಒಳಗೆ ನುಗ್ಗಿದರೆ ಹಾಸಿಗೆಯ ಮೇಲಿದ್ದ ಚನ್ನಬಸಮ್ಮ ಕಣ್ಣು ಬಿಟ್ಟು, "ಯಾರ್ಲಾ ಓಗ್ಬುಟ್ಟೋರು?" ಅಂತ ಕೇಳಿದರಂತೆ. ತೋಡಿದ ಗುಂಡಿಯನ್ನು ಬರಿದೇ ಮುಚ್ಚಬಾರದು ಅಂತ ಅಯ್ನೋರು ಅದಕ್ಕೊಂದು ಬಾಳೆದಿಂಡು ಇಡಿಸಿ ಮಣ್ಣು ಎಳೆಸಿದರು. ಬೇರೆ ಯಾರ ಕಥೆಯಾದರೂ ಆಗಿದ್ದರೆ ವೃಷಭೇಂದ್ರ ಬಿದ್ದು ಬಿದ್ದು ನಗುತ್ತಿದ್ದ.

ಅವನು ಮಾಡಿದ ಹೇಸಿಗೆ ಕೆಲಸ ಆಮೇಲಿನದು. ಎಲ್ಲ ಗುಂಪುಗಳಿಗೂ 'ಸರ್ವರ್ ದೋಷದಿಂದ ತಪ್ಪು ಸುದ್ದಿ ಹೋಗಿದೆ, ಕ್ಷಮಿಸಿ' ಅಂತ ಹಾಕಿದ. ಜನ ಬಿಡುತ್ತಾರೆಯೇ? ಅಂಗಡಿಗೇ ಬಂದು ಕೇಳಿದರು, "ಸರ್ವರ್ ಅಂಗಿರ್ಲಿ, ಪಟ ಮಾಡ್ಸಿದ್ದು ಯಾರು?"

ಅಲ್ಲಿ ಒಂದು ಮಾತು ಸಾಕಾಗಿತ್ತು. ನಾನೇ ಅಂದಿದ್ದರೆ ಮುಗಿಯುತ್ತಿತ್ತು. ಆದರೆ ಹನ್ನೊಂದು ಮುಖಗಳು ಕಣ್ಣ ಮುಂದೆ ಬಂದವು, ನಾಲಿಗೆ ಬೇರೆ ಕಡೆ ಹೊರಳಿತು. "ಮಾಡ್ಸಿದೋರ ಎಸ್ರು ಯೋಳೋದು ನಮ್ ಕಸುಬಲ್ಲಪ್ಪ" ಅಂದುಬಿಟ್ಟ. ಪಟದಡಿಯಲ್ಲಿ ಇದ್ದದ್ದು ಒಂದೇ ಹೆಸರು. ಮೆಟ್ಟಿಲ ಮೇಲೆ ಕಂಡವನೂ ಅವನೇ, ಜಡೇಸ್ವಾಮಿ ಅದನ್ನು ಹತ್ತು ಜನಕ್ಕೆ ಹೇಳಿದ್ದ. ಉಸಿರಾಡುತ್ತಿರುವ ತಾಯಿಗೆ ಸಾವಿನ ಬ್ಯಾನರು ಮಾಡಿಸಿದ ಮಗ ಅಂತ ಮಧ್ಯಾಹ್ನದೊಳಗೆ ಊರೆಲ್ಲ ಮಾತಾಯಿತು. ವೃಷಭೇಂದ್ರ ಸುಳ್ಳು ಹೇಳಿರಲಿಲ್ಲ ನಿಜ. ಆದರೆ ಹೇಳದೆಯೇ ಒಬ್ಬ ಮನುಷ್ಯನ ಮುಖಕ್ಕೆ ಮಸಿ ಬಳಿದಿದ್ದ.

ಬುಧವಾರ ಇಡೀ ದಿನ ಅವನು ಗುರುಮಲ್ಲಪ್ಪನಿಗಾಗಿ ಕಾದ. ಬರಲಿ, ಕೆನ್ನೆಗೆ ನಾಲ್ಕು ಬಿಡಲಿ, ಕಂಪ್ಯೂಟರು ಎತ್ತಿ ಬೀದಿಗೆ ಎಸೆಯಲಿ. ಗುರುಮಲ್ಲಪ್ಪ ಬರಲಿಲ್ಲ. ಫೋನೂ ಮಾಡಲಿಲ್ಲ. ತಪ್ಪಿಲ್ಲದವನು ಯಾಕೆ ಸುಮ್ಮನಿದ್ದಾನೆ ಅನ್ನುವುದು ವೃಷಭೇಂದ್ರನಿಗೆ ಬಗೆಹರಿಯಲಿಲ್ಲ. ರಾಗಿಮುದ್ದೆಯನ್ನು ಮುರಿದು ಮುರಿದು ಸಾರಿನಲ್ಲೇ ಬಿಟ್ಟು ಎದ್ದ.

ಗುರುವಾರ ಬೆಳಿಗ್ಗೆ ಜಡೇಸ್ವಾಮಿ ಹೂವು ಕಟ್ಟುತ್ತ ಹೇಳಿದ, "ಗೊತ್ತೇನ್ಲಾ? ಚನ್ನಬಸವ್ವ ಮಗನ ಕೈಲಿ ಒಂದ್ ತೊಟ್ಟು ನೀರೂ ಕುಡೀತಾ ಇಲ್ವಂತೆ. ಗಂಜಿ ಇಡ್ಕಂಡು ಓದ್ರೆ ಮಕ ಗೋಡೆ ಕಡೆ ತಿರುಗುಸ್ಕತಾಳಂತೆ. ಮಗಳು ಕೊಟ್ರೇನೇ ಬಾಯಿ ಬುಡೋದು. ಇನ್ನೆಷ್ಟು ದಿನ ಅದೆಯೋ ಆ ಜೀವ, ಇಂಗೇ ಓಗ್ಬುಟ್ರೆ ಆ ಮಗನ ಗತಿ ಏನು ಯೋಳು."

ವೃಷಭೇಂದ್ರ ಬಾಗಿಲು ಎಳೆದು ಬೀಗ ಹಾಕಿದ. ಮಂಗಳವಾರ ಒಂದು ಮಾತು ನುಂಗಿದ್ದಕ್ಕೆ ಒಬ್ಬ ತಾಯಿ ಮಗನ ಕೈಯ ಗಂಜಿ ಬಿಟ್ಟಿದ್ದಾಳೆ, ಆಕೆ ಹಾಗೇ ಕಣ್ಣು ಮುಚ್ಚಿದರೆ ಆ ಮಾತನ್ನು ಯಾರಿಗೆ ಹೇಳುವುದು? ಬೈಕು ಹತ್ತಿದ.

ಚನ್ನಬಸಮ್ಮನನ್ನು ಜಗಲಿಯ ಬಿಸಿಲಿಗೆ ಮಂಚ ಹಾಕಿ ಒರಗಿಸಿದ್ದರು. ಕಂಬಳಿಯೊಳಗೆ ಗುಬ್ಬಿಯಷ್ಟಾಗಿದ್ದರು. ಪಕ್ಕದಲ್ಲಿ ಶಾಂಭವಿ, ಸುತ್ತ ಏಳೆಂಟು ನೆಂಟರು. ಗುರುಮಲ್ಲಪ್ಪ ಕೊಟ್ಟಿಗೆಯ ಹತ್ತಿರ ಒಬ್ಬನೇ ಮೇವು ಕತ್ತರಿಸುತ್ತಿದ್ದ. ಐವತ್ತೈದು ದಾಟಿದ ಮನುಷ್ಯ, ಎರಡು ದಿನದಲ್ಲಿ ಹತ್ತು ವರ್ಷ ಹೆಚ್ಚಾದಂತೆ ಕಂಡ. ಇವನನ್ನು ನೋಡಿ ಕುಡುಗೋಲು ನಿಲ್ಲಿಸಿದ, ಮತ್ತೆ ತಲೆ ತಗ್ಗಿಸಿಕೊಂಡ.

"ಬಂದ್ಯಾ?" ಎಂದು ಶಾಂಭವಿಯೇ ಎದ್ದಳು. "ಮಾಡ್ಸಿದೋನಿಗೆ ಗ್ಯಾನ ಇಲ್ದಿದ್ರೆ ಮಾಡೋನಿಗಾದ್ರೂ ಇರಬ್ಯಾಡ್ವಾ? ಅದ್ರಲ್ಲೂ ಮಗಳು ಅಂತ ನಾನೊಬ್ಳು ಇವ್ನಿ, ನನ್ನೆಸ್ರೂ ಇಲ್ಲ!"

ನಗುವ ಹೊತ್ತಲ್ಲ ಅದು, ಯಾರೂ ನಗಲಿಲ್ಲ. ವೃಷಭೇಂದ್ರ ಚಪ್ಪಲಿ ಬಿಟ್ಟು ಮಂಚದ ಕಾಲಿನ ಹತ್ತಿರ ನೆಲದ ಮೇಲೆ ಕೂತ.

"ದೊಡ್ಡವ್ವ, ಆ ಪಟ ಗುರುಮಲ್ಲಣ್ಣ ಮಾಡ್ಸಿದ್ದಲ್ಲ. ಯಾರೂ ಕೇಳ್ನಿಲ್ಲ. ನಾನೇ ಮಾಡುದ್ದು."

"ನೀನೇ ಅಂದ್ರೆ?"

"ಮುಂಚೇಲೇ ಮಾಡಿಟ್ಕಂಡಿದ್ದೆ. ಆರು ತಿಂಗ್ಳಾಯ್ತು. ಯಾರಾದ್ರೂ ಕಣ್ಮುಚ್ಚುದ ತಕ್ಷಣ ಕಳುಸ್ಬೇಕಲ್ಲ ಅಂತ. ನಿಮ್ಮೊಬ್ರುದ್ದೇ ಅಲ್ಲ ದೊಡ್ಡವ್ವ, ಅನ್ನೊಂದು ಜನ್ರುದ್ದು. ಮಂಗ್ಳಾರ ವಯಸ್ಸು ತಿದ್ದಾಕ್ ಓಗಿ ಇಡಬಾರದ ಜಾಗ್ದಲ್ಲಿ ಇಟ್ಬುಟ್ಟೆ. ಅದು ತಾನಾಗೇ ಓಯ್ತು. ಜನ ಕೇಳ್ದಾಗ ಸುಮ್ನಾಗ್ಬುಟ್ಟೆ. ಎಲ್ಲಾ ನಂದೇ ತಪ್ಪು."

"ಥೂ, ನಿನ್ ಜನ್ಮುಕ್ಕಿಷ್ಟು!" ಎಂದಳು ಶಾಂಭವಿ. ನೆಂಟರಲ್ಲೊಬ್ಬರು, "ನಂದೂ ಅದೆಯೇನ್ಲಾ ಅದ್ರಲ್ಲಿ?" ಅಂತ ಕೇಳಿದರು. ಇತ್ತು. ವೃಷಭೇಂದ್ರ ಅವರ ಮುಖ ನೋಡಲಾರದೆ ನೆಲ ನೋಡಿದ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಚನ್ನಬಸಮ್ಮ ಬೈಯಲಿಲ್ಲ. ಅವನ ನೆತ್ತಿಯನ್ನು ನೋಡುತ್ತ ಕೇಳಿದರು.

"ನಿಮ್ಮವ್ವಂದೂ ಮಾಡಿಟ್ಟಿದ್ದೀಯಾ?"

ಅವನ ಅವ್ವನಿಗೆ ಎಂಬತ್ತನಾಲ್ಕು. ಚಳಿಗಾಲದಲ್ಲಿ ಕೆಮ್ಮು ಹಿಡಿದರೆ ಬೇಸಿಗೆಯ ತನಕ ಬಿಡುವುದಿಲ್ಲ. ಊರಿನ ಮುದುಕರನ್ನೆಲ್ಲ ಲೆಕ್ಕ ಹಾಕಿದವನ ಕಣ್ಣಿಗೆ ಪಕ್ಕದ ಕೋಣೆಯಲ್ಲಿ ಕೆಮ್ಮುವವಳು ಬಿದ್ದಿರಲಿಲ್ಲ.

"ಇಲ್ಲ, ದೊಡ್ಡವ್ವ."

"ಯಾಕ್ಲಾ?"

"ಕೈ ಬರ್ನಿಲ್ಲ."

"ಊಂ. ನಿಮ್ಮವ್ವ ಪುಣ್ಯವಂತೆ ಬುಡು." ಅಷ್ಟೇ ಅಂದರು. ಅದಕ್ಕಿಂತ ಪೊರಕೆಯಲ್ಲಿ ಬಾರಿಸಿದ್ದರೆ ಎಷ್ಟೋ ಹಿತವಾಗಿರುತ್ತಿತ್ತು. ವೃಷಭೇಂದ್ರ ಎಲ್ಲರ ಎದುರಿಗೇ ಚಿಕ್ಕ ಹುಡುಗನ ಹಾಗೆ ಅತ್ತುಬಿಟ್ಟ.

ಚನ್ನಬಸಮ್ಮ ಕೊಟ್ಟಿಗೆಯ ಕಡೆ ತಿರುಗಿದರು. "ಗುರುಮಲ್ಲಾ. ಕುಡುಗೋಲು ಮಡುಗ್ಬುಟ್ಟು ಬಾಪ್ಪ. ಗಂಜಿ ಆರೋಯ್ತದೆ."

ಗುರುಮಲ್ಲಪ್ಪ ತಕ್ಷಣ ಬರಲಿಲ್ಲ. ಶಾಂಭವಿ ಹೋಗಿ ತೋಳು ಹಿಡಿದು, "ತಪ್ಪಾಯ್ತು ಕಣಣ್ಣ" ಅಂದ ಮೇಲೆ ಕೈ ತೊಳೆದುಕೊಂಡು ಬಂದ. ಮೊದಲ ಚಮಚದ ಅರ್ಧ ಗಂಜಿ ಕಂಬಳಿಯ ಮೇಲೆ ಚೆಲ್ಲಿತು. ತಾಯಿ ಬಾಯಿ ತೆರೆದು ಕಾದರು. ಕುಡಿದರು. ಎರಡನೇ ಚಮಚವನ್ನೂ ಕುಡಿದರು. ಜಗಲಿಯ ಮೇಲಿದ್ದವರೆಲ್ಲ ಮೂಗು ಒರೆಸಿಕೊಂಡರು.

"ಎಂಗಾದ್ರೂ ಬಂದು ಒಪ್ಕಂಡ್ನಲ್ಲ, ಅದಕ್ಕೂ ಗುಂಡಿಗೆ ಬೇಕು ಕಣಪ್ಪ" ಎಂದರು ಯಾರೋ. ಆ ಮಾತಿಗೆ ವೃಷಭೇಂದ್ರನ ಹಾಳು ಮನಸ್ಸು ಒಂದು ಗಳಿಗೆ ಹಿಗ್ಗಿತು. ಹಿಗ್ಗಿದ್ದು ಗೊತ್ತಾಗಿ ಇನ್ನಷ್ಟು ಹೇಸಿಗೆಯಾಗಿ, ಕೈ ಮುಗಿದು ಎದ್ದ.

ಗೇಟಿನ ಹತ್ತಿರ ಬೈಕಿಗೆ ಕೀಲಿ ಹಾಕುವಾಗ ಗುರುಮಲ್ಲಪ್ಪ ಹಿಂದೆಯೇ ಬಂದ. ಈಗ ಬೀಳುತ್ತದೆ ಏಟು ಅಂದುಕೊಂಡು ವೃಷಭೇಂದ್ರ ತಲೆ ಬಗ್ಗಿಸಿ ನಿಂತ. ನಿಜ ಹೇಳಬೇಕೆಂದರೆ ಅದಕ್ಕಾಗಿಯೇ ಕಾದು ನಿಂತ.

"ಒಡೀ ಅಣ್ಣ. ನಾ ಏನೂ ಅನ್ನಕಿಲ್ಲ."

ಗುರುಮಲ್ಲಪ್ಪ ಜಗಲಿಯ ಕಡೆ ಒಂದು ಸಲ ನೋಡಿ, ಅಂಗಿಯ ಜೇಬಿಗೆ ಕೈ ಹಾಕಿ, ಏನನ್ನೋ ತೆಗೆದು ಇವನ ಅಂಗೈಯಲ್ಲಿಟ್ಟ. ಚನ್ನಬಸಮ್ಮನ ಚಿಕ್ಕ ಫೋಟೋ. ಬೆವರಿಗೆ ಮೂಲೆ ಸುರುಳಿಕೊಂಡಿತ್ತು.

"ಮಂಗ್ಳಾರ ನಿನ್ ಅಂಗ್ಡಿ ಮೆಟ್ಲ ಮೇಲೆ ನಿಂತಿದ್ನಲ್ಲ, ಇದ್ನ ಇಡ್ಕಂಡು ನಿಂತಿದ್ದೆ ಕಣ."

ವೃಷಭೇಂದ್ರನಿಗೆ ಮೊದಲು ಅರ್ಥವಾಗಲಿಲ್ಲ.

"ಸೋಮವಾರ ರಾತ್ರಿಯೆಲ್ಲ ಅವ್ವ ಉಸ್ರು ಎಳೀತಾ ಇತ್ತು. ಬ್ಯಾನರು ಬಸ್ಸಿಗೆ ಸಿಕ್ಕದೆ ಓದ್ರೆ ಜನ ಏನಂದಾರು ಅಂದ್ಕಂಡು ಬೆಳಿಗ್ಗೆನೇ ಎದ್ದು ಬಂದೆ. ಅವ್ವನ ಪಟ ಮಾಡಿಟ್ಟಿರು ಅಂತ ಯೋಳಾಕೆ ಬಂದೆ. ನೀ ಇರ್ನಿಲ್ಲ. ಕಾಯ್ತಾ ನಿಂತಿದ್ದೆ, ಜೇಬಲ್ಲಿ ಫೋನ್ ಕೂಗ್ತು. ತಗ್ದು ನೋಡುದ್ರೆ ನಮ್ಮವ್ವ. ಕೆಳಗೆ ನನ್ನೆಸ್ರು. ನಾನಿನ್ನೂ ಬಾಯೇ ಬುಟ್ಟಿರ್ನಿಲ್ಲ ಕಣ್ಲಾ."

ಜಗಲಿಯ ಮೇಲೆ ಶಾಂಭವಿ ಏನೋ ಹೇಳಿದಳು, ನೆಂಟರು ನಕ್ಕರು. ಎರಡು ದಿನದಲ್ಲಿ ಆ ಮನೆಯಲ್ಲಿ ಬಂದ ಮೊದಲ ನಗು ಅದು.

"ಊರೆಲ್ಲ ಬಾಯಿಗೆ ಬಂದಂಗೆ ಬೈದ್ರು" ಎಂದ ಗುರುಮಲ್ಲಪ್ಪ. ಅವನ ಗಡ್ಡ ಒದ್ದೆಯಾಗಿತ್ತು. "ನಾನು ಮಾಡ್ನಿಲ್ಲ ಅಂತ ಎಂಗ್ಲಾ ಅನ್ಲಿ?"

"ಗುರುಮಲ್ಲಾ" ಎಂದು ಮಂಚದ ಮೇಲಿಂದ ದನಿ ಬಂತು. "ಇನ್ನೊಂದ್ ಚೂರು ಉಯ್ಯಿ ಬಾಪ್ಪ."

ಗುರುಮಲ್ಲಪ್ಪ ಟವಲಿನಿಂದ ಮುಖ ಒರೆಸಿಕೊಂಡ. ಇವನ ಅಂಗೈಯನ್ನು ಫೋಟೋದ ಮೇಲೆ ತಾನೇ ಮಡಚಿ ಮುಚ್ಚಿ, "ಬಂದೆ ಕಣವ್ವ" ಎನ್ನುತ್ತ ಒಳಗೆ ಹೋದ.

ವೃಷಭೇಂದ್ರ ಫೋಟೋವನ್ನು ಒಳಜೇಬಿಗೆ ಇಟ್ಟುಕೊಂಡ. ಬೈಕು ಸ್ಟಾರ್ಟ್ ಮಾಡದೆ, ರಸ್ತೆಯ ತಿರುವಿನ ತನಕ ತಳ್ಳಿಕೊಂಡೇ ಹೋದ.